ಟರ್ಕಿಯ ಚಹಾ ಸೀಮೆ ರಿಜೆಗೆ ಹೋಗುವುದು ಹೇಗೆ? ಯಾವಾಗ ಹೋದರೆ ಚೆನ್ನ?

ರಿಜೆ ಇರುವುದು ಕಪ್ಪು ಸಮುದ್ರದ ದಡದಲ್ಲಿ. ಇಸ್ತಾಂಬುಲ್‌ನಿಂದ ವಿಮಾನದಲ್ಲಿ ಸುಮಾರು ಎರಡು ಗಂಟೆ. ಸಮುದ್ರಕ್ಕೆ ಕಲ್ಲು ತುಂಬಿ ಕಟ್ಟಿದ ರಿಜೆ-ಆರ್ಟ್ವಿನ್ ವಿಮಾನ ನಿಲ್ದಾಣ 2022ರಲ್ಲಿ ಶುರುವಾಯಿತು. ಅಲ್ಲಿಗೆ ಟಿಕೆಟ್ ಸಿಗದಿದ್ದರೆ ಟ್ರಾಬ್ಜಾನ್‌ನಲ್ಲಿ ಇಳಿದು ಬಸ್ ಹಿಡಿಯಿರಿ, ಸುಮಾರು 75 ಕಿ.ಮೀ. ದಾರಿಯುದ್ದಕ್ಕೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ.

ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಎಲೆ ಕೊಯ್ಲು. ಕೈಯಲ್ಲಿ ಚಿವುಟುವುದು ಕಮ್ಮಿ. ಚೀಲ ಕಟ್ಟಿದ ದೊಡ್ಡ ಕತ್ತರಿಯಲ್ಲಿ ಕಚಕಚ ಅಂತ ಕತ್ತರಿಸುತ್ತಾರೆ, ಎಲೆ ನೇರ ಚೀಲಕ್ಕೆ ಬೀಳುತ್ತದೆ. ಮಳೆ ಮಾತ್ರ ಜಾಸ್ತಿ. ಆಗುಂಬೆಯಷ್ಟಲ್ಲ ಬಿಡಿ, ಆದರೂ ಕೊಡೆ ಇರಲಿ.

ಚಹಾಕ್ಕೆ ಹಾಲು ಕೇಳಬೇಡಿ! ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಕೆಂಪು ಡಿಕಾಕ್ಷನ್, ಪಕ್ಕದಲ್ಲಿ ಸಕ್ಕರೆ ಗಟ್ಟಿ. ಅಷ್ಟೇ.