ಕೋಟಿಗೊಂದು ಸಂಭವಕ್ಕೆ ಪರ್ಸ್ ಬಿಚ್ಚಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ದಾರಿಯಲ್ಲಿ ಸಿಕ್ಕ ಅಪರಿಚಿತನೊಬ್ಬ "ಈಗ 500 ರೂಪಾಯಿ ಕೊಡಿ, ನಾಳೆ ನೀವು ಊಹಿಸಲಾರದಷ್ಟು ವಾಪಸ್ ಕೊಡ್ತೀನಿ" ಅಂತಾನೆ. ನೀವು ಅನುಮಾನಿಸಿದಷ್ಟೂ ಆತ ಮೊತ್ತ ಏರಿಸುತ್ತಾನೆ, ಕೊನೆಗೆ ಮೊತ್ತವನ್ನು ಅದು ಸಿಗುವ ಸಂಭವದಿಂದ ಗುಣಿಸಿ ನೋಡಿದರೆ ಅವನೇ ಗೆಲ್ಲುತ್ತಾನೆ. ಇದನ್ನು ತಪ್ಪಿಸಲು ತುಷ್ಟಿಗುಣಕ್ಕೇ (ಅಂದರೆ ಏನಾದರೂ ಸಿಕ್ಕಾಗ ನಮಗಾಗುವ ತೃಪ್ತಿಯ ಅಳತೆಗೇ) ಒಂದು ಗರಿಷ್ಠ ಮಿತಿ ಹಾಕಬೇಕೇ?

ಹಾಕಬೇಕು ಅಂತಲೇ ನನ್ನ ಉತ್ತರ. ಪೂರ್ತಿ ನೆಮ್ಮದಿಯಿಂದ ಹೇಳುತ್ತಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಈ ತಲೆನೋವು ಶುರುವಾದದ್ದು 1713ರಲ್ಲಿ, ಗಣಿತಜ್ಞ ನಿಕೋಲಸ್ ಬರ್ನೌಲಿಯ ಒಂದು ಪತ್ರದಿಂದ. ಹೆಡ್ಸ್ ಬೀಳುವವರೆಗೆ ನಾಣ್ಯ ಚಿಮ್ಮುತ್ತಿರಿ. ಮೊದಲ ಸಲವೇ ಬಿದ್ದರೆ 1 ರೂಪಾಯಿ, ಎರಡನೇ ಸಲಕ್ಕೆ 2, ಮೂರನೇ ಸಲಕ್ಕೆ 4, ಹೀಗೆ ದುಪ್ಪಟ್ಟು. ಪ್ರತಿ ಹಂತವೂ ಲೆಕ್ಕಕ್ಕೆ 50 ಪೈಸೆ ಸೇರಿಸುತ್ತದೆ, ಹಂತಗಳಿಗೆ ಕೊನೆಯಿಲ್ಲ. ಹಾಗಾಗಿ ನಿರೀಕ್ಷಿತ ಮೌಲ್ಯ (ಪ್ರತಿ ಬಹುಮಾನವನ್ನೂ ಅದರ ಸಂಭವದಿಂದ ಗುಣಿಸಿ ಕೂಡಿದ ಮೊತ್ತ) ಅನಂತ. ಹಾಗಂತ ಈ ಆಟ ಆಡಲು ಸೈಟು ಮಾರಿಕೊಂಡು ಬರುವವರನ್ನು ನಾನಂತೂ ಕಂಡಿಲ್ಲ.

"ಪಿಯುಸಿಯಲ್ಲಿ ಓದಿದ ಇಳಿಮುಖ ಸೀಮಾಂತ ತುಷ್ಟಿಗುಣ ಸಾಕಲ್ಲ?" ಅಂತ ಹಲವರು ಕೇಳುತ್ತಾರೆ. ಹಣ ಹೆಚ್ಚಿದಷ್ಟೂ ಮುಂದಿನ ಒಂದೊಂದು ರೂಪಾಯಿ ಕೊಡುವ ತೃಪ್ತಿ ಕಡಿಮೆಯಾಗುತ್ತಾ ಹೋಗುತ್ತದೆ ಅನ್ನುವುದೇ ಅದು. 1738ರಲ್ಲಿ ಡೇನಿಯಲ್ ಬರ್ನೌಲಿ ಹಿಡಿದದ್ದೂ ಅದೇ ದಾರಿ: ಹಣದ ಬೆಲೆಯನ್ನು ಲಾಗರಿತಮ್‌ನಲ್ಲಿ (ಹಣ ಹೆಚ್ಚಿದಷ್ಟೂ ನಿಧಾನವಾಗಿ ಏರುವ ಅಳತೆಯಲ್ಲಿ) ಅಳೆದ. ಆ ಆಟ ಬಗೆಹರಿಯಿತು. ಆದರೆ ತೃಪ್ತಿ ಏರುವ ವೇಗ ಇಳಿಯುವುದೇ ಬೇರೆ, ಏರುವುದೇ ನಿಲ್ಲುವುದು ಬೇರೆ. 1934ರಲ್ಲಿ ಗಣಿತಜ್ಞ ಕಾರ್ಲ್ ಮೆಂಗರ್ ತೋರಿಸಿದಂತೆ, ಬಹುಮಾನವನ್ನು ಇನ್ನೂ ಜೋರಾಗಿ ಬೆಳೆಸಿದರೆ ಲಾಗರಿತಮ್ ಕೂಡ ಸೋತು ಮತ್ತೆ ಅನಂತವೇ ಬರುತ್ತದೆ.

ನಿಜವಾಗಿ ಛಾವಣಿ ಹಾಕಿದವನು ಜಿನೀವಾದ ಗೇಬ್ರಿಯಲ್ ಕ್ರೇಮರ್ (ಗಣಿತದಲ್ಲಿ ನಮ್ಮನ್ನು ಕಾಡಿದ ಕ್ರೇಮರ್ ನಿಯಮದವನೇ). 1728ರ ಪತ್ರದಲ್ಲಿ ಆತ ಹೇಳಿದ್ದು: 2ರ 24ನೇ ಘಾತದಿಂದಾಚೆಗಿನ ಮೊತ್ತಗಳೆಲ್ಲ ನನಗೆ ಒಂದೇ. ನಮ್ಮ ಲೆಕ್ಕದಲ್ಲಿ 1,67,77,216 ರೂಪಾಯಿ. ಅಷ್ಟು ಮಾಡಿದ್ದೇ ತಡ, ಅನಂತ ಬೆಲೆಯ ಆಟ 13 ರೂಪಾಯಿಗೆ ಇಳಿಯಿತು.

ನಿಮ್ಮ ಅಪರಿಚಿತನಿಗೂ ಇದೇ ಮದ್ದು. ನಿಮ್ಮ ಮಿತಿ 500 ರೂಪಾಯಿಯ ಸುಖಕ್ಕಿಂತ ಒಂದು ಕೋಟಿ ಪಟ್ಟು ದೊಡ್ಡದು ಅಂತಿಟ್ಟುಕೊಳ್ಳಿ. ಅವನ ಮಾತು ನಿಜವಾಗುವ ಸಂಭವ ಕೋಟಿಗೊಂದಕ್ಕಿಂತ ಕಡಿಮೆಯಾದರೆ, ಅವನು ಬ್ರಹ್ಮಾಂಡವನ್ನೇ ಬರೆದುಕೊಡುತ್ತೇನೆಂದರೂ ಪರ್ಸ್ ಜೇಬಲ್ಲೇ ಇರುತ್ತದೆ. 2009ರಲ್ಲಿ ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ ಬರೆದ ಕಾಲ್ಪನಿಕ ಸಂಭಾಷಣೆಯಲ್ಲಿ, ಆಯುಧವಿಲ್ಲದೆ ಬಂದು ಇಂಥದೇ ಭಾರಿ ಆಸೆ ತೋರಿಸಿದ ಕಳ್ಳನಿಗೆ ಗಣಿತಜ್ಞ ಪಾಸ್ಕಲ್ ಪರ್ಸ್ ಒಪ್ಪಿಸಿಬಿಡುತ್ತಾನೆ. ಪಾಪ, ಅವನ ತುಷ್ಟಿಗುಣಕ್ಕೆ ಛಾವಣಿ ಇರಲಿಲ್ಲ.

"ಅಷ್ಟು ಸಣ್ಣ ಸಂಭವವನ್ನು ಸೊನ್ನೆ ಅಂದುಕೊಂಡರಾಯಿತು" ಎನ್ನುವ ದಾರಿಯೂ ಇದೆ. ಹದಿನೆಂಟನೇ ಶತಮಾನದ ಫ್ರೆಂಚ್ ವಿಜ್ಞಾನಿ ಬುಫಾನ್ ಹತ್ತು ಸಾವಿರಕ್ಕೊಂದನ್ನು ಗೆರೆಯಾಗಿ ಎಳೆದಿದ್ದ. ನನಗದು ಒಪ್ಪಿಗೆಯಿಲ್ಲ. ಹಾಲು ತರಲು ಹೆಲ್ಮೆಟ್ ಇಲ್ಲದೆ ಹೋದರೆ ತಲೆಗೆ ಏಟು ಬೀಳುವ ಸಂಭವ ದಿನಕ್ಕೆ ಹತ್ತು ಸಾವಿರಕ್ಕೊಂದು ಎನ್ನೋಣ. ದಿನವೂ ಸೊನ್ನೆ ಅಂದುಕೊಂಡು 27 ವರ್ಷ ಓಡಾಡಿದರೆ, ಒಮ್ಮೆಯಾದರೂ ಬೀಳುವ ಸಂಭವ ಶೇ. 63. ಸೊನ್ನೆಗಳನ್ನು ಕೂಡಿದರೆ ಇದು ಕಾಣುವುದೇ ಇಲ್ಲ. ಮಿತಿಯ ದಾರಿಯಲ್ಲಾದರೆ ಸಣ್ಣದು ಸಣ್ಣದಾಗಿಯೇ ಲೆಕ್ಕದಲ್ಲಿ ಉಳಿಯುತ್ತದೆ.

ಇನ್ನು ನೆಮ್ಮದಿ ಕೆಡಿಸುವ ಭಾಗ. ನನ್ನ ಹಣಕ್ಕೆ, ನನ್ನ ಸುಖಕ್ಕೆ ಮಿತಿ ಹಾಕಲು ನನಗೇನೂ ಕಷ್ಟವಿಲ್ಲ. ಜೀವಗಳನ್ನು ಎಣಿಸುವಾಗ? ಜಗತ್ತಿನ ಒಟ್ಟು ಒಳಿತಿಗೆ (ಹಿಂದೆ ಬಾಳಿದವರ ಸುಖವೂ ಸೇರಿ) ಛಾವಣಿ ಹಾಕಿದರೆ, ಇವತ್ತು ಮಂಡ್ಯದಲ್ಲಿ ಒಂದು ಮಗುವನ್ನು ಉಳಿಸುವುದರ ಬೆಲೆ, ಮೂರು ಸಾವಿರ ವರ್ಷದ ಹಿಂದೆ ಈಜಿಪ್ಟಿನಲ್ಲಿ ಎಷ್ಟು ಜನ ಸುಖವಾಗಿದ್ದರು ಎಂಬುದರ ಮೇಲೆ ನಿಂತುಬಿಡುತ್ತದೆ. ಛಾವಣಿಯ ಹತ್ತಿರ ಹೋದಷ್ಟೂ ಆ ಮಗು ಅಗ್ಗ. ಇದನ್ನು ಹೇಗೆ ಒಪ್ಪಲಿ? ಅದಕ್ಕೇ ಅಲ್ಲಿ ಮಿತಿಯನ್ನು ತೀರಾ ಎತ್ತರದಲ್ಲಿಡುತ್ತೇನೆ. ಮಿತಿ ಎತ್ತರವಾದಷ್ಟೂ ಸುಳ್ಳುಗಾರನಿಗೆ ಬಾಗಿಲು ಒಂದಿಷ್ಟು ತೆರೆದಿರುತ್ತದೆ, ಗೊತ್ತು. ಆಗೊಮ್ಮೆ ಈಗೊಮ್ಮೆ 500 ರೂಪಾಯಿ ಹೋದರೆ ಹೋಗಲಿ.