ಕೊನೆಗೌಡನೋ, ದಿನಗೂಲಿಯೋ: ಬ್ರಿಟನ್ನಿನ ಸರ್ಕಾರಿ ಕಾಂಟ್ರಾಕ್ಟ್ ಬಗ್ಗೆ ಹೊಸನಗರದ ತಮ್ಮನಿಗೆ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಹೆಂಡತಿ ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನೀನು ಡಿಪೆಂಡೆಂಟ್ ವೀಸಾದಲ್ಲಿ ಹೋಗಿ ಮೂರು ತಿಂಗಳು. ಒಂದು ಕೌನ್ಸಿಲ್‌ನಲ್ಲಿ (ಅಲ್ಲಿನ ಸ್ಥಳೀಯ ಸರ್ಕಾರ) ಸಾಫ್ಟ್‌ವೇರ್ ಟೆಸ್ಟಿಂಗ್, ಆರು ತಿಂಗಳ ಕಾಂಟ್ರಾಕ್ಟ್, ದಿನಕ್ಕೆ 400 ಪೌಂಡ್. ಏಜೆನ್ಸಿಯವರು "ಇನ್‌ಸೈಡ್ ಐಆರ್35, ಅಂಬ್ರೆಲಾ ಮೂಲಕ" ಅಂದರು. ಅಂದರೆ ತೆರಿಗೆ ಲೆಕ್ಕಕ್ಕೆ ನೀನು ನೌಕರ, ನಿನಗೆ ಸಂಬಳ ಕೊಡುವುದು ನಡುವಿನ ಒಂದು ಕಂಪನಿ. ಗೆಳೆಯ "ಲಿಮಿಟೆಡ್ ಕಂಪನಿ ತೆಗಿ, ತೆರಿಗೆ ಉಳಿಯುತ್ತೆ" ಅಂದ. ಯಾರ ಮಾತು ಕೇಳಲಿ ಅಂತ ಕೇಳಿದ್ದೀಯ.

ಈ ಕೆಲಸಕ್ಕೆ ಕಂಪನಿ ತೆಗೆಯಬೇಡ.

ನಾನೀಗ ರಜೆಗೆ ಬಂದು ಸಾಗರದ ಹತ್ತಿರ ನಮ್ಮ ಮನೆಯಲ್ಲಿದ್ದೇನೆ. ಅಡಿಕೆ ಕೊನೆ (ಗೊಂಚಲು) ಕೊಯ್ಲು ನಡೆಯುತ್ತಿದೆ. ಜಗುಲಿಯಲ್ಲಿ ಕೂತು ಇದನ್ನು ಬರೆಯುವಾಗ ಎದುರಿಗೇ ಕೊನೆ ಕೊಯ್ಯುವ ಕೊನೆಗೌಡ ಮರದ ಮೇಲಿದ್ದಾನೆ. ಕೊಯ್ದ ಕೊನೆ ಹಗ್ಗದ ಮೇಲೆ ಜಾರಿ ಸರ್ರನೆ ಕೆಳಗೆ ಬರುತ್ತದೆ, ಹಗ್ಗ ಹಿಡಿದು ನಿಂತವನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕಿಡುತ್ತಾನೆ. ಹಗ್ಗ, ಕತ್ತಿ ಎಲ್ಲಾ ಅವನದೇ. ಹಗ್ಗ ಹಿಡಿಯುವವನನ್ನೂ ಅವನೇ ಕರೆತಂದಿದ್ದಾನೆ. ಯಾವ ಸಾಲಿನಿಂದ ಶುರು ಮಾಡಬೇಕು ಅಂತ ಅಪ್ಪ ಹೇಳುವುದಿಲ್ಲ. ಮೊನ್ನೆ ಅವನಿಗೆ ಸೊಂಟ ಹಿಡಿದಿತ್ತು. ತನ್ನ ಭಾವನನ್ನು ಕಳಿಸಿದ. ನಾವು ಯಾರೂ ಏನೂ ಕೇಳಲಿಲ್ಲ, ಕೊನೆ ಇಳಿದರೆ ಆಯ್ತು. ಕೊನೆ ಲೆಕ್ಕದಲ್ಲಿ ದುಡ್ಡು. ನಾಳೆ ಬೇರೆಯವರ ತೋಟ.

ಅದೇ ಅಂಗಳದಲ್ಲಿ ದಿನಗೂಲಿಗೆ ಬರುವವರೂ ಇದ್ದಾರೆ. ಬೆಳಿಗ್ಗೆ ಬಂದ ಕೂಡಲೇ ಅಮ್ಮ ಹೇಳುತ್ತಾಳೆ: ಮೊದಲು ಸೊಪ್ಪು ತನ್ನಿ, ಊಟದ ಮೇಲೆ ಅಡಿಕೆ ಹರವಿ. ಕತ್ತಿ, ಬುಟ್ಟಿ ನಮ್ಮದು. ತಮ್ಮ ಬದಲು ಇನ್ನೊಬ್ಬರನ್ನು ಕಳಿಸಬೇಕಾದರೆ ಅಮ್ಮನನ್ನು ಕೇಳಬೇಕು.

ಐಆರ್35 ಕೇಳುವುದು ಇದನ್ನೇ. ನೀನು ಕೊನೆಗೌಡನೋ, ದಿನಗೂಲಿಯವನೋ? ನಿನ್ನ ಕೆಲಸದ ರೀತಿ ಯಾರ ಕೈಯಲ್ಲಿದೆ? ನಿನ್ನ ಬದಲು ಇನ್ನೊಬ್ಬನನ್ನು ಕಳಿಸಬಹುದಾ? ಅವರು ಕೆಲಸ ಕೊಡಲೇಬೇಕು, ನೀನು ಮಾಡಲೇಬೇಕು ಅನ್ನುವ ಕಟ್ಟು ಇದೆಯಾ? ನಡುವೆ ಒಂದು ಕಂಪನಿ ಇಟ್ಟುಕೊಂಡ ಮಾತ್ರಕ್ಕೆ ದಿನಗೂಲಿಯವನು ಕೊನೆಗೌಡನಾಗುವುದಿಲ್ಲ. ಆ ದೇಶದ ತೆರಿಗೆ ಇಲಾಖೆ 1999ರಲ್ಲಿ ಹೊರಡಿಸಿದ 35ನೇ ನಂಬರಿನ ಪ್ರಕಟಣೆಯಿಂದ ಈ ಹೆಸರು ಬಂತು, ಕಾನೂನು ಜಾರಿಯಾದದ್ದು 2000ದ ಏಪ್ರಿಲ್‌ನಲ್ಲಿ.

ಆಗ ನಾನು ಕೊನೆಗೌಡ ಅಂತ ತೀರ್ಮಾನ ಮಾಡುವವನು ನಾನೇ. ನನ್ನ ಕಂಪನಿಗೆ ದುಡ್ಡು ಪೂರ್ತಿ ಬರುತ್ತಿತ್ತು. ಸ್ವಲ್ಪ ಸಂಬಳ, ಉಳಿದದ್ದು ಡಿವಿಡೆಂಡ್, ಅಂದರೆ ಲಾಭದ ಪಾಲು, ಅದಕ್ಕೆ ತೆರಿಗೆ ಕಮ್ಮಿ. ನಿನ್ನ ಗೆಳೆಯ ಹೇಳುತ್ತಿರುವುದು ಆ ಕಾಲದ ಮಾತು. 2017ರ ಏಪ್ರಿಲ್ 6ರಿಂದ ಸರ್ಕಾರಿ ಕೆಲಸದಲ್ಲಿ ಅದು ಬದಲಾಯಿತು. ಕೌನ್ಸಿಲ್, ಸರ್ಕಾರಿ ಆಸ್ಪತ್ರೆ, ಇಲಾಖೆ, ಯಾರು ಕೆಲಸ ಮಾಡಿಸಿಕೊಳ್ಳುತ್ತಾರೋ ಅವರೇ ತೀರ್ಮಾನಿಸಬೇಕು. "ಇನ್‌ಸೈಡ್" ಅಂದರೆ ದುಡ್ಡು ಕೊಡುವ ಏಜೆನ್ಸಿ ಮೊದಲೇ ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ (ಪಿಂಚಣಿ, ಭತ್ಯೆಗಳಿಗೆ ಅಲ್ಲಿ ಕಟ್ಟುವ ವಂತಿಗೆ) ಹಿಡಿದುಕೊಳ್ಳುತ್ತದೆ. ಖಾಸಗಿ ವಲಯದ ಮಧ್ಯಮ, ದೊಡ್ಡ ಕಂಪನಿಗಳಿಗೆ ಇದು 2020ರಲ್ಲೇ ಬರಬೇಕಿತ್ತು, ಕೋವಿಡ್ ಕಾರಣಕ್ಕೆ 2021ರ ಏಪ್ರಿಲ್‌ಗೆ ಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ಒಬ್ಬ ಹಣಕಾಸು ಸಚಿವರು ಎರಡೂ ಬದಲಾವಣೆ ರದ್ದು ಅಂದರು. ಮುಂದಿನ ತಿಂಗಳೇ ಹೊಸ ಸಚಿವರು ಆ ಮಾತನ್ನು ವಾಪಸ್ ಪಡೆದರು.

2017ರ ಮಾರ್ಚ್ ನನಗೆ ಇವತ್ತಿಗೂ ನೆನಪಿದೆ. ನಾನಿದ್ದ ಕಚೇರಿಯಲ್ಲಿ ಹತ್ತಾರು ಕಾಂಟ್ರಾಕ್ಟರುಗಳಿದ್ದೆವು. ಎಲ್ಲರಿಗೂ ಒಂದೇ ಕಾಗದ, ಅಕ್ಷರ ಅಕ್ಷರ ಒಂದೇ: ಇನ್ನು ಮುಂದೆ ನೀವು ಇನ್‌ಸೈಡ್. ಯಾರ ಕರಾರನ್ನೂ ಬಿಚ್ಚಿ ನೋಡಿರಲಿಲ್ಲ. ನಾನು ನಿಜಕ್ಕೂ ದಿನಗೂಲಿಯವನೇ ಆಗಿದ್ದೆ, ನಾಲ್ಕು ವರ್ಷ ಅದೇ ಕುರ್ಚಿ, ಅದೇ ಮ್ಯಾನೇಜರ್. ನನಗೆ ಅನ್ಯಾಯವಾಯಿತು ಅಂತ ಹೇಳಲಾರೆ. ಆದರೆ ಪಕ್ಕದಲ್ಲೊಬ್ಬ ಇದ್ದ, ಮೂರು ಕಡೆ ಕೆಲಸ ಮಾಡುತ್ತಿದ್ದ, ತನ್ನ ಹುಡುಗನನ್ನೂ ಕಳಿಸುತ್ತಿದ್ದ. ಅವನೂ ಅದೇ ಕಾಗದ ಹಿಡಿದು ನಿಂತಿದ್ದ. ನಿಯಮ ಸರಿಯಿದೆ, ಹೀಗೆ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬುವುದು ತಪ್ಪು. ಅದರ ಮೇಲೆ, ಸ್ವಂತ ಕಂಪನಿ ಇಟ್ಟುಕೊಂಡೇ ಇನ್‌ಸೈಡ್ ಆದವರಿಗೆ ತೆರಿಗೆ ಮಾತ್ರ ನೌಕರನ ಹಾಗೆ. ರಜೆ ಇಲ್ಲ, ಜ್ವರ ಬಂದರೆ ಸಂಬಳ ಇಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಕಚೇರಿಗಳು ಹೆದರುವುದಕ್ಕೂ ಕಾರಣ ಇದೆ. ತೀರ್ಮಾನ ತಪ್ಪಾದರೆ ತೆರಿಗೆ ಅವರ ತಲೆಗೇ ಬರುತ್ತದೆ. ಅಲ್ಲಿನ ಕೆಲಸ ಮತ್ತು ಪಿಂಚಣಿ ಇಲಾಖೆಯೇ ಹೀಗೆ ತಪ್ಪಿ 8.79 ಕೋಟಿ ಪೌಂಡ್ ಲೆಕ್ಕಕ್ಕೆ ಸಿಕ್ಕಿಕೊಂಡಿತು.

ಈಗ ನಿನ್ನ 400 ಪೌಂಡ್ ನೋಡೋಣ. ಐದು ದಿನಕ್ಕೆ 2,000. ಅದು ನಿನ್ನ ಸಂಬಳ ಅಂದುಕೊಳ್ಳಬೇಡ, ಅಂಬ್ರೆಲಾ ಕಂಪನಿಗೆ ಬರುವ ದುಡ್ಡು ಅದು. ಅವರ ಕಮಿಷನ್ ವಾರಕ್ಕೆ 20 ಅಂತ ಇಟ್ಟುಕೋ. ಮಾಲೀಕ ಕಟ್ಟಬೇಕಾದ ನ್ಯಾಷನಲ್ ಇನ್ಶೂರೆನ್ಸ್ ಕೂಡ ಅದರಿಂದಲೇ ಹೋಗುತ್ತದೆ. 2025ರ ಏಪ್ರಿಲ್‌ನಿಂದ ಅದು 13.8ರಿಂದ 15%ಕ್ಕೆ ಏರಿದೆ. ವಾರಕ್ಕೆ ಸುಮಾರು 245 ಪೌಂಡ್ ಆಯ್ತು. ಅಪ್ರೆಂಟಿಸ್‌ಶಿಪ್ ಲೆವಿ ಅಂತ ಇನ್ನು ಅರ್ಧ ಪರ್ಸೆಂಟ್. ಉಳಿದ 1,725ರ ಆಸುಪಾಸು ನಿನ್ನ ಸಂಬಳ, ರಜೆಯ ದುಡ್ಡೂ ಅದರಲ್ಲೇ ಸೇರಿದೆ. ಅದರ ಮೇಲೆ ನಿನ್ನ ತೆರಿಗೆ, ನಿನ್ನ ಪಾಲಿನ ಇನ್ಶೂರೆನ್ಸ್. ವರ್ಷಪೂರ್ತಿ ಇದೇ ದರ ಅಂತ ಲೆಕ್ಕ ಹಾಕಿದರೆ ಕೈಗೆ ಬರುವುದು ವಾರಕ್ಕೆ 1,200ರ ಹತ್ತಿರ, ಪಿಂಚಣಿ ಕಡಿತಕ್ಕೆ ಮುಂಚೆ. ಮನೆ ಬಾಡಿಗೆ ನಿರ್ಧಾರ ಮಾಡುವಾಗ ಈ 1,200ನ್ನು ನೋಡು.

ಗೆಳೆಯನ ಮಾತು ಕೇಳಿ ಕಂಪನಿ ತೆಗೆದರೂ, ಕೌನ್ಸಿಲ್ ಇನ್‌ಸೈಡ್ ಅಂದ ಮೇಲೆ ಏಜೆನ್ಸಿ ತೆರಿಗೆ ಹಿಡಿದೇ ಕೊಡುತ್ತದೆ. ಮೇಲಿಂದ ಅಕೌಂಟೆಂಟ್ ಫೀಸು ಸುಮ್ನೆ ದಂಡ. ಇನ್ನೊಂದು ಮಾತು. ಡಿಪೆಂಡೆಂಟ್ ಆಗಿ ನಿನಗೆ ಸ್ವಂತ ಉದ್ಯೋಗ ಮಾಡುವ ಅವಕಾಶ ಇದೆ. ನಿನ್ನ ಹೆಂಡತಿಗೆ ಆ ಸ್ವಾತಂತ್ರ್ಯ ಇಲ್ಲ, ಅವಳ ವೀಸಾ ಆಸ್ಪತ್ರೆಯ ಕೆಲಸಕ್ಕೆ ಕಟ್ಟಿಕೊಂಡಿದೆ. ಅವಳ ಹೆಸರನ್ನು ಇಂಥ ಕಂಪನಿ ವ್ಯವಹಾರಕ್ಕೆ ಎಳೆಯಬೇಡ.

ಎಲ್ಲಕ್ಕಿಂತ ಜಾಸ್ತಿ ಹೆದರಬೇಕಾದ್ದು ಬೇರೆಯೇ ಇದೆ. "ನಮ್ಮ ಅಂಬ್ರೆಲಾಗೆ ಬನ್ನಿ, 85% ಕೈಗೆ ಕೊಡುತ್ತೇವೆ" ಅಂತ ಫೋನ್ ಬರುತ್ತದೆ. ಖಂಡಿತ ಬರುತ್ತದೆ. ಸ್ವಲ್ಪ ಸಂಬಳ ಅಂತ ತೋರಿಸಿ, ಉಳಿದದ್ದನ್ನು ಸಾಲ ಅಂತ ಕೊಡುತ್ತಾರೆ. ಹಿಂದೆ ಇಂಥದ್ದನ್ನು ನಂಬಿದವರಲ್ಲಿ ನರ್ಸುಗಳು, ಸೋಷಿಯಲ್ ವರ್ಕರುಗಳು ಇದ್ದರು. 2019ರಲ್ಲಿ ಅಂಥ ಸಾಲಕ್ಕೂ ತೆರಿಗೆ ಹಾಕುವ ಲೋನ್ ಚಾರ್ಜ್ ಜಾರಿಯಾದಾಗ ವರ್ಷಗಳ ಹಳೆಯ ತೆರಿಗೆ ಒಟ್ಟಿಗೆ ಕಟ್ಟಬೇಕಾಗಿ ಬಂತು. ಯೋಜನೆ ಮಾರಿದವರು ಆ ಹೊತ್ತಿಗೆ ನಾಪತ್ತೆ. ನನ್ನ ಪರಿಚಯದ ಒಬ್ಬರು ಮನೆ ಮಾರಿದರು. ಅವರ ಅಡುಗೆಮನೆಯ ಮೇಜಿನ ಮೇಲೆ ಆ ಕಂದು ಲಕೋಟೆಗಳು ಒಡೆಯದೆ ಹಾಗೇ ಬಿದ್ದಿದ್ದನ್ನು ನಾನು ನೋಡಿದ್ದೇನೆ. ಒಡೆಯಲು ಅವರಿಗೆ ಧೈರ್ಯ ಇರಲಿಲ್ಲ.

ಹಾಗಾಗಿ ಸೋಮವಾರ ಏಜೆನ್ಸಿಗೆ ಫೋನ್ ಮಾಡು. "ಕೀ ಇನ್ಫರ್ಮೇಷನ್ ಡಾಕ್ಯುಮೆಂಟ್" ಕೊಡಿ ಅನ್ನು, 2020ರ ಏಪ್ರಿಲ್‌ನಿಂದ ಅದನ್ನು ಕೊಡಲೇಬೇಕು. ಯಾವ ಕಡಿತ ಎಷ್ಟು ಅಂತ ಅದರಲ್ಲಿರುತ್ತದೆ. ಕೌನ್ಸಿಲ್‌ನ ತೀರ್ಮಾನದ ಪತ್ರವನ್ನೂ ನೋಡು, ಕಾರಣ ಬರೆದಿರಬೇಕು. ಆಮೇಲೆ ಇದೊಂದನ್ನು ನಾಚಿಕೆ ಇಲ್ಲದೆ ಕೇಳು: ಇದೇ ಕೆಲಸವನ್ನು ಕೌನ್ಸಿಲ್‌ನ ಸ್ವಂತ ನೌಕರನಾಗಿ, ಆರು ತಿಂಗಳ ಮಟ್ಟಿಗೆ ಆದರೂ ಸರಿ, ಕೊಡುತ್ತಾರಾ? ಸಂಬಳ ಕಮ್ಮಿ ಇರುತ್ತದೆ. ಆದರೆ ಕೌನ್ಸಿಲ್ ನೌಕರರ ಪಿಂಚಣಿ ಒಳ್ಳೆಯದು, ರಜೆ ಇದೆ, ಕಾಯಿಲೆ ಬಿದ್ದರೆ ಸಂಬಳ ಇದೆ. ನಾನು 2018ರಲ್ಲಿ ಅದನ್ನೇ ಆರಿಸಿಕೊಂಡೆ. ಅವರು ಇಲ್ಲ ಅಂದರೆ, 400ನ್ನು 450 ಮಾಡಿ ಅಂತ ಕೇಳು, ಮಾಲೀಕನ ಪಾಲು ನೀನೇ ಹೊರುತ್ತಿದ್ದೀಯ ಅಲ್ವಾ.

ಕಾಗದ ಬಂದ ಮೇಲೆ ನಿನ್ನ ಹೆಸರು, ವಿಳಾಸ ಅಳಿಸಿ ನನಗೆ ಕಳಿಸು. ಸಹಿ ಹಾಕುವ ಮುಂಚೆ. ಸಂಕ್ರಾಂತಿವರೆಗೆ ನಾನು ಇಲ್ಲೇ ಇರುತ್ತೇನೆ. ಹಗಲು ಕರೆಂಟು ಹೋಗಿಬಂದು ಮಾಡುತ್ತಿರುತ್ತದೆ, ರಾತ್ರಿ ಕೂತು ಸಾಲು ಸಾಲಾಗಿ ನೋಡಿ ಉತ್ತರ ಬರೆಯುತ್ತೇನೆ.