ನದಿ, ಕಾಡು, ಮೂರ್ ಅಂಚು: ವೀಲ್‌ಚೇರ್ ಮತ್ತು ಮಂಡಿನೋವಿನವರ ಜೊತೆ ನಡೆಯಲು

ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಆಗಸ್ಟ್‌ನಲ್ಲಿ ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅಪ್ಪ ವೀಲ್‌ಚೇರ್‌ನಲ್ಲಿ, ಅಮ್ಮನಿಗೆ ಮಂಡಿನೋವು, ಜೊತೆಗೆ ತಳ್ಳುಗಾಡಿಯಲ್ಲಿ ಮಗು ಎಂದಿದ್ದೀರಿ. ಇಂಗ್ಲೆಂಡ್‌ನ ಶೆಫೀಲ್ಡ್‌ನಿಂದ ಕಾರಿನಲ್ಲಿ ಹೋಗಿ ಸಂಜೆಗೆ ಮರಳುವ ದೂರದಲ್ಲಿ ನದಿಯೂ ಕಾಡೂ ಬೇಕು, ಮೇಲೆ ಹೀದರ್ ಎಂಬ ಕುಳ್ಳ ಹೂಪೊದೆ ಅರಳಿದ ಮೂರ್, ಅಂದರೆ ಮರಗಳಿಲ್ಲದ ಎತ್ತರದ ಬಯಲು, ಕಣ್ಣಿಗೆ ಬೀಳಬೇಕು, ಹತ್ತುವ ಕಷ್ಟ ಬೇಡ.

ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಹೆಚ್ಚಿನವು 'ಎರಡೇ ಮೈಲಿ, ಆರಾಮಾಗಿ ಹೋಗಬಹುದು' ಎನ್ನುತ್ತವೆ. ನಿಮಗೆ ಮೈಲಿ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಆ ದಾರಿಯಲ್ಲಿ ಅತ್ಯಂತ ಕೆಟ್ಟ ಹತ್ತು ಮೀಟರ್ ಎಲ್ಲಿದೆ ಎಂದು ಕೇಳಿ. ಮೂರು ಕಿಲೋಮೀಟರ್ ನುಣ್ಣನೆಯ ದಾರಿಯ ಕೊನೆಗೆ ಒಂದು ಸ್ಟೈಲ್, ಅಂದರೆ ಬೇಲಿ ಹತ್ತಿ ದಾಟುವ ಮೆಟ್ಟಿಲು ಸಿಕ್ಕಿದರೆ ಅಷ್ಟೂ ದೂರ ತಳ್ಳಿಕೊಂಡು ವಾಪಸ್ ಬರಬೇಕು. ಹಾಗಾಗಿ ಸುತ್ತು ಹಾಕಿ ಬರುವ ದಾರಿಗಿಂತ ಹೋದ ದಾರಿಯಲ್ಲೇ ಮರಳುವುದು ಒಳ್ಳೆಯದು. ಎಲ್ಲಿ ಬೇಕಾದರೂ ತಿರುಗಬಹುದು, ಮರಳುವಾಗ ಮುಂದೆ ಏನಿದೆ ಎಂಬುದೂ ಗೊತ್ತಿರುತ್ತದೆ.

ಇಳಿಜಾರನ್ನು ಮನೆಯಲ್ಲೇ ಅಳೆಯಬಹುದು. ಇಲ್ಲಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ನಕ್ಷೆ 1:25,000 ಅಳತೆಯದು, ಅದರಲ್ಲಿ 4 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಗುಡ್ಡಗಾಡಿನ ಹಾಳೆಗಳಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಒಂದು ಗೆರೆಗೂ (ಕಾಂಟೂರ್) ಇನ್ನೊಂದಕ್ಕೂ 10 ಮೀಟರ್ ವ್ಯತ್ಯಾಸ. ದಾರಿಯುದ್ದಕ್ಕೆ ಅಳೆದಾಗ ಎರಡು ಗೆರೆಗಳ ನಡುವೆ 4 ಮಿ.ಮೀ. ಇದ್ದರೆ ಇಳಿಜಾರು 1:10, ಅಂದರೆ ಹತ್ತು ಮೀಟರ್ ಹೋದರೆ ಒಂದು ಮೀಟರ್ ಏರು. ಅದಕ್ಕಿಂತ ಹತ್ತಿರವಿದ್ದರೆ ಅಲ್ಲಿ ತಳ್ಳುವುದು ಕಷ್ಟ. ಗೆರೆಗಳ ಅಂತರ 5 ಮೀಟರ್ ಇರುವ ಹಾಳೆಗಳೂ ಇವೆ, ಅಂಚಿನಲ್ಲಿ ನೋಡಿಕೊಂಡು ಲೆಕ್ಕ ಹಾಕಿ. ಆದರೆ ಎರಡು ಗೆರೆಗಳ ಮಧ್ಯೆ ಅಡಗಿರುವ ಚಿಕ್ಕ ಏರು, ನಾಲ್ಕು ಮೆಟ್ಟಿಲು ಇವು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ.

1:10 ಅಂದರೆ ತೋಳಿಗೆ ಎಷ್ಟು? ಅಪ್ಪ ಮತ್ತು ಕುರ್ಚಿ ಸೇರಿ 90 ಕೆ.ಜಿ. ಎಂದಿಟ್ಟುಕೊಳ್ಳಿ. ಏರಿನಲ್ಲಿ ಸುಮಾರು 9 ಕೆ.ಜಿ. ಭಾರವನ್ನು ಬಿಡದೆ ಒತ್ತಿ ಹಿಡಿದ ಹಾಗೆ. 1:8 ಆದರೆ 11 ಕೆ.ಜಿ. ದಾಟುತ್ತದೆ. ಜಲ್ಲಿ, ಒದ್ದೆ ಮಣ್ಣಿನ ಎಳೆತ ಇದರ ಮೇಲೆ. ಐವತ್ತು ಮೀಟರ್ ಒಬ್ಬರೇ ಮಾಡಬಹುದು, ಮುನ್ನೂರು ಮೀಟರ್ ಇದ್ದರೆ ತಳ್ಳಲು ಇನ್ನೊಬ್ಬರು ಬೇಕೇ ಬೇಕು. ಮಗುವಿನ ಗಾಡಿಗೆ ಬೇರೆ ಕೈ ಬೇಕೆಂಬುದನ್ನು ಮರೆಯಬೇಡಿ.

ಲೇಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ 'ಮೈಲ್ಸ್ ವಿದೌಟ್ ಸ್ಟೈಲ್ಸ್', ಅಂದರೆ ಸ್ಟೈಲ್ ಇಲ್ಲದ ದಾರಿಗಳ ಪಟ್ಟಿಯಲ್ಲಿ ದಾರಿಗಳನ್ನು ಎಲ್ಲರಿಗೂ, ಹಲವರಿಗೆ, ಕೆಲವರಿಗೆ ಎಂದು ಮೂರು ದರ್ಜೆ ಮಾಡಿದ್ದಾರೆ. ಮೊದಲನೆಯದರಲ್ಲಿ ಇಳಿಜಾರು 1:10 ಮೀರುವುದಿಲ್ಲ, ನೆಲ ಟಾರು ಇಲ್ಲವೇ ಗಟ್ಟಿಯಾಗಿ ಕೂತ ಸಣ್ಣ ಕಲ್ಲು. ಎರಡನೆಯದು 1:8ರವರೆಗೆ ಹೋಗುತ್ತದೆ, ತಳ್ಳಲು ಜನ ಬೇಕು. ಪೀಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್ ಡೇಲ್ಸ್‌ಗೂ ಇದೇ ಹೆಸರಿನ ಪಟ್ಟಿಗಳಿವೆ. ಅಪ್ಪನಿಗೆ ಮೊದಲ ದರ್ಜೆಯಿಂದಲೇ ಶುರು ಮಾಡಿ.

ಕುರ್ಚಿಯ ವಿಷಯಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ದಾರಿ ಸರಿಯಿದ್ದೂ ನಡಿಗೆ ಕೆಡುವುದು ಇಲ್ಲೇ. ನಾಲ್ಕೂ ಚಿಕ್ಕ ಚಕ್ರಗಳಿರುವ, ಬೇರೆಯವರೇ ತಳ್ಳಬೇಕಾದ ಹಗುರ ಕುರ್ಚಿ ಕಾರಿನ ಡಿಕ್ಕಿಗೆ ಚೆನ್ನ, ಕಾಡಿನ ದಾರಿಗೆ ಅಲ್ಲ. ಹಿಂದೆ 24 ಇಂಚಿನ ಗಾಳಿ ತುಂಬುವ ಚಕ್ರಗಳಿರುವುದನ್ನು ಬಾಡಿಗೆಗೆ ತನ್ನಿ. ಬ್ರಿಟಿಷ್ ರೆಡ್ ಕ್ರಾಸ್ ಕೆಲವು ವಾರಗಳ ಮಟ್ಟಿಗೆ ಕೊಡುತ್ತದೆ. ಗಾಳಿ ಎಷ್ಟಿರಬೇಕೆಂದು ಟೈರಿನ ಮಗ್ಗುಲಲ್ಲೇ ಬರೆದಿರುತ್ತದೆ, ಹೊರಡುವ ಮುನ್ನ ನೋಡಿ, ಸೈಕಲ್ ಪಂಪ್ ಒಂದು ಜೊತೆಗಿರಲಿ.

ಸಿಕ್ಕಿಕೊಳ್ಳುವುದು ಯಾವಾಗಲೂ ಮುಂದಿನ ಚಿಕ್ಕ ಚಕ್ರ. ಸಡಿಲ ಜಲ್ಲಿಯಲ್ಲಿ ಅದು ಅಡ್ಡ ತಿರುಗಿ ಹೂತುಕೊಳ್ಳುತ್ತದೆ, ಹಿಂದಿನಿಂದ ಜೋರಾಗಿ ತಳ್ಳಿದರೆ ಕೂತವರು ಮುಗ್ಗರಿಸುತ್ತಾರೆ. ಹಾಗಾದಾಗ ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ದೊಡ್ಡ ಚಕ್ರಗಳ ಮೇಲೆ ಹಿಮ್ಮುಖವಾಗಿ ಎಳೆದುಕೊಂಡು ಆ ತುಂಡನ್ನು ದಾಟಿ. ಇಂಥ ದಾರಿಯಲ್ಲೇ ಹೆಚ್ಚು ಓಡಾಡುವುದಿದ್ದರೆ ಪಾದದ ಹಲಗೆಗೆ ಕಚ್ಚಿಸುವ ಫ್ರೀವೀಲ್ ಎಂಬ ದೊಡ್ಡ ಒಂಟಿ ಚಕ್ರ ಸಿಗುತ್ತದೆ, ಅದು ಮುಂದಿನ ಚಿಕ್ಕ ಚಕ್ರಗಳನ್ನು ನೆಲ ಬಿಟ್ಟು ಎತ್ತಿಬಿಡುತ್ತದೆ. ಎಲ್ಲ ಕುರ್ಚಿಗೂ ಕೂರುವುದಿಲ್ಲ, ಪಾದದ ಹಲಗೆ ಮಡಚುವಂಥದ್ದಾದರೆ ಮೊದಲು ವಿಚಾರಿಸಿ.

ಕಡಿದಾದ ಇಳಿಜಾರಿನಲ್ಲಿ ನೀವು ಕೆಳಗಡೆ, ಕುರ್ಚಿ ಮೇಲ್ಗಡೆ ಇರುವಂತೆ ಹಿಂದೆ ಹಿಂದೆ ಇಳಿಯಿರಿ. ಚಕ್ರಕ್ಕೆ ಒತ್ತುವ ಬ್ರೇಕ್ ಇರುವುದು ನಿಲ್ಲಿಸಿದ ಮೇಲೆ ಹಾಕಲು, ಓಡುವ ಕುರ್ಚಿಯನ್ನು ನಿಧಾನಿಸಲು ಅಲ್ಲ. ನದಿಯಂಚಿನ ದಾರಿಗಳು ನೀರಿನ ಕಡೆಗೆ ಕೊಂಚ ವಾಲಿರುತ್ತವೆ. ಕುರ್ಚಿ ತಾನಾಗಿ ಆ ಕಡೆಗೇ ಎಳೆಯುತ್ತದೆ, ಒಂದೇ ಕೈ ಸೋಲುತ್ತದೆ. ಫೋಟೊಗೆ ನಿಲ್ಲಿಸುವಾಗ ಕುರ್ಚಿಯ ಮುಖ ನದಿಗೆ ಬೇಡ, ದಾರಿಯುದ್ದಕ್ಕೆ ಇರಲಿ.

ಗೇಟುಗಳು: ಬಾಗಿಲು ಅತ್ತಿತ್ತ ಆಡುವ ಕಿಸ್ಸಿಂಗ್ ಗೇಟ್‌ಗಳಲ್ಲಿ ಹಳೆಯವಕ್ಕೆ ಕುರ್ಚಿ ಹಿಡಿಸುವುದಿಲ್ಲ. ದೊಡ್ಡ ಮಾದರಿಯ ಕೆಲವಕ್ಕೆ ರಾಡಾರ್ ಕೀಲಿ ಹಾಕಿ ಪೂರ್ತಿ ತೆರೆಯಬಹುದು, ಅದೇ ಕೀಲಿ ಅಂಗವಿಕಲರ ಶೌಚಾಲಯಗಳಿಗೂ ಆಗುತ್ತದೆ. ಡಿಸೆಬಿಲಿಟಿ ರೈಟ್ಸ್ ಯುಕೆ ಮಾರುತ್ತದೆ, ತರಿಸಿಟ್ಟುಕೊಳ್ಳಿ. ಅಂಗವಿಕಲರಿಗೆ ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸಲು ಬೇಕಾದ ಬ್ಲೂ ಬ್ಯಾಡ್ಜ್ ಇಲ್ಲಿ ವಾಸಿಸುವವರಿಗೆ ಮಾತ್ರ, ಭೇಟಿಗೆ ಬಂದ ಅಪ್ಪನಿಗೆ ಸಿಗುವುದಿಲ್ಲ. ಆದ್ದರಿಂದ ಹೋಗುವ ಜಾಗಕ್ಕೆ ಮುಂಚೆ ಫೋನ್ ಮಾಡಿ ವಿಷಯ ಹೇಳಿ. ಕನಿಷ್ಠ ಬಾಗಿಲ ಬಳಿ ಇಳಿಸಿ, ಆಮೇಲೆ ಕಾರು ನಿಲ್ಲಿಸಲು ಬಿಡುತ್ತಾರೆಯೇ ಕೇಳಿ.

ಈಗ ಜಾಗಗಳು. ಮೊದಲ ದಿನಕ್ಕೆ ಫೇರ್‌ಹೋಮ್ಸ್, ಅಪ್ಪರ್ ಡರ್ವೆಂಟ್ ಕಣಿವೆ. ಇಲ್ಲಿ ಡರ್ವೆಂಟ್ ನದಿಗೆ ಸಾಲಾಗಿ ಅಣೆಕಟ್ಟುಗಳಿವೆ, ಪಕ್ಕದಲ್ಲಿ ಕಾಡು, ತಲೆಯೆತ್ತಿದರೆ ಮೂರ್. ಪಶ್ಚಿಮ ದಂಡೆಯ ರಸ್ತೆ ಟಾರು ಹಾಕಿದ್ದು, ವಾರಾಂತ್ಯ ಮತ್ತು ಬ್ಯಾಂಕ್ ರಜೆಯಲ್ಲಿ ಫೇರ್‌ಹೋಮ್ಸ್‌ನಿಂದ ಮುಂದಕ್ಕೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ, ಹಾಗಾಗಿ ಆ ದಿನವೇ ಹೋಗಿ. ಯಾರೂ ಹೇಳದ ಒಂದು ಮಾತು: ಕಾರು ನಿಲ್ಲಿಸುವ ಜಾಗ ಅಣೆಕಟ್ಟಿನ ಬುಡದಲ್ಲಿದೆ, ರಸ್ತೆ ಅದರ ತಲೆಯ ಮಟ್ಟಕ್ಕೆ ಏರಬೇಕು. ಕಷ್ಟವೆಲ್ಲ ಆ ಮೊದಲ ತುಂಡಿನಲ್ಲೇ. ಅದನ್ನು ಇಬ್ಬರು ಸೇರಿ ದಾಟಿದರೆ ಆಮೇಲೆ ನೀರಿನಂಚಿನಲ್ಲಿ ಸಣ್ಣಪುಟ್ಟ ಏರಿಳಿತವಷ್ಟೇ. ಅಣೆಕಟ್ಟು ಕಟ್ಟಿದ ಕೆಲಸಗಾರರಿಗಾಗಿ ತಗಡಿನ ಮನೆಗಳ ಊರೊಂದು, ಬರ್ಚಿನ್ಲೀ, ಇದೇ ದಂಡೆಯಲ್ಲಿತ್ತು. ಅಪ್ಪನಿಗೆ ಇಂಥದ್ದರಲ್ಲಿ ಆಸಕ್ತಿಯಿದ್ದರೆ ಅಲ್ಲಿಯವರೆಗೆ ಹೋಗಿ ಮರಳಿ.

ಎರಡನೆಯದು ಬೋಲ್ಟನ್ ಅಬಿ, ವಾರ್ಫ್ ನದಿ. ದಾರಿ ದೂರ, ಆದರೆ ನೀವು ಕೇಳಿದ ನದಿಯಂಚಿನ ಕಾಡು ಅಂದರೆ ಇದೇ. ಕ್ಯಾವೆಂಡಿಶ್ ಪೆವಿಲಿಯನ್ ಹತ್ತಿರದಿಂದ ನದಿಯ ವಿರುದ್ಧ ದಿಕ್ಕಿಗೆ ನಡೆದರೆ ಮೊದಲ ಭಾಗ ಸಪಾಟು, ಸ್ಟ್ರಿಡ್ ಕಾಡಿನೊಳಗೆ ಹೋದಂತೆ ಏರಿಳಿತ. ಸ್ಟ್ರಿಡ್ ಅನ್ನುವಲ್ಲಿ ಇಡೀ ನದಿ ಕೆಲವೇ ಮೀಟರ್ ಅಗಲದ ಬಂಡೆಯ ಸಂದಿಗೆ ನುಗ್ಗುತ್ತದೆ. ಹಾರಿ ದಾಟಬಹುದೇನೋ ಅನ್ನಿಸುತ್ತದೆ, ಕೆಳಗೆ ಬಂಡೆ ಒಳಕ್ಕೆ ಕೊರೆದು ಆಳವಾಗಿದೆ, ಬಿದ್ದು ಸತ್ತವರಿದ್ದಾರೆ. ಪಾಚಿಗಟ್ಟಿದ ಆ ಬಂಡೆಗಳ ಮೇಲೆ ಮಗುವಿನ ಜೊತೆ ಇಳಿಯಲೇಬೇಡಿ, ಮೇಲಿನ ದಾರಿಯಿಂದಲೇ ನೋಡಿ. ಪ್ರಯರಿ ಎಂಬ ಹಳೆಯ ಕ್ರೈಸ್ತ ಮಠದ ಪಾಳುಗೋಡೆಗಳ ಬಳಿ ನದಿ ದಾಟುವ ಕಲ್ಲುಸಾಲು ಚೆಂದ, ಪಕ್ಕದಲ್ಲಿ ಕಾಲುಸೇತುವೆಯಿದೆ, ಅಮ್ಮನಿಗೆ ಸೇತುವೆಯೇ ಸರಿ.

ಮೂರ್‌ನ ಅಂಚು ಹತ್ತಿರದಿಂದ ಬೇಕಾದರೆ ಬರ್ಬಿಜ್ ಕಣಿವೆ. ಅಪ್ಪರ್ ಬರ್ಬಿಜ್ ಬ್ರಿಡ್ಜ್‌ನಿಂದ ಫಾಕ್ಸ್ ಹೌಸ್ ಕಡೆಗೆ ಹಳೆಯ ಕುದುರೆಗಾಡಿ ದಾರಿಯೊಂದಿದೆ. ಅಗಲವಾಗಿದೆ, ಇಳಿಜಾರು ಮೆಲ್ಲನೆಯದು, ಎರಡೂ ಬದಿ ಹೀದರ್. ಕಲ್ಲು ಎದ್ದ ತುಂಡುಗಳಿವೆ, ಆದರೂ ಅಮ್ಮನಿಗೂ ದೊಡ್ಡ ಚಕ್ರದ ಮಗುಗಾಡಿಗೂ ಒಳ್ಳೆಯದು, ಅಪ್ಪನ ಕುರ್ಚಿಯನ್ನು ಕಲ್ಲು ಶುರುವಾಗುವ ತನಕ ಒಯ್ದು ತಿರುಗಿ. ಈ ಕಣಿವೆಯ ಹಳ್ಳವೇ ಕೆಳಗೆ ಪ್ಯಾಡ್ಲಿ ಗಾರ್ಜ್ ಎಂಬ ಕಮರಿಯಲ್ಲಿ ಹರಿಯುತ್ತದೆ. ಮೇಲಿನ ಉತ್ತರಗಳಲ್ಲಿ ಇಬ್ಬರು ಅದನ್ನೇ ಸೂಚಿಸಿದ್ದಾರೆ. ಫೋಟೊದಲ್ಲಿ ಸ್ವರ್ಗ, ಕಾಲಡಿಯಲ್ಲಿ ಪೂರ್ತಿ ಬೇರು ಮತ್ತು ಬಂಡೆ. ಅಪ್ಪನಿಗೆ ಸಾಧ್ಯವೇ ಇಲ್ಲ, ಅಮ್ಮನಿಗೂ ಬೇಡ.

ಅಮ್ಮನ ಮಂಡಿಗೆ ಏರಿಗಿಂತ ಇಳಿಯುವಾಗಲೇ ನೋವು ಹೆಚ್ಚು. ಎರಡು ವಾಕಿಂಗ್ ಪೋಲ್ ಕೊಡಿ, ಮೊಣಕೈ 90 ಡಿಗ್ರಿ ಮಡಚುವಷ್ಟು ಉದ್ದ, ಇಳಿಯುವಾಗ 5 ಸೆಂ.ಮೀ. ಹೆಚ್ಚಿಸಿ. ಬೆಂಚುಗಳನ್ನು ನಂಬಬೇಡಿ, ಮಡಚುವ ಸ್ಟೂಲ್ ಒಂದು ಬೆನ್ನಚೀಲಕ್ಕೆ ಕಟ್ಟಿಕೊಳ್ಳಿ.

ಆಗಸ್ಟ್ ಆದ್ದರಿಂದ ಕೆಲವು ಮಾತು. ಹೀದರ್ ಹೂವಿಗೆ ಅದೇ ಸರಿಯಾದ ತಿಂಗಳು. ಗ್ರೌಸ್ ಹಕ್ಕಿಯ ಬೇಟೆ 12ರಿಂದ ಶುರು, ಕೆಲವು ದಿನ ಮುಕ್ತ ಪ್ರವೇಶದ ಮೂರ್ ಮುಚ್ಚಿರಬಹುದು. ನಕ್ಷೆಯಲ್ಲಿ ಹಸಿರು ಗೀಟುಗಳಲ್ಲಿ ತೋರಿಸಿದ ಸಾರ್ವಜನಿಕ ಕಾಲುದಾರಿಗಳಿಗೆ ಆ ನಿರ್ಬಂಧ ತಾಗುವುದಿಲ್ಲ. ಬ್ರಾಕನ್ ಜರೀಗಿಡ ಆಗ ಎದೆಮಟ್ಟ ಬೆಳೆದು ದಾರಿಗೆ ಬಾಗಿರುತ್ತದೆ, ಅದರಲ್ಲಿ ರಕ್ತ ಹೀರುವ ಉಣ್ಣೆಹುಳು (ಟಿಕ್). ಕುರ್ಚಿಯಲ್ಲಿ ಕೂತವರ ಕೈ, ಮಗುವಿನ ಕಾಲು ಸರಿಯಾಗಿ ಅದೇ ಎತ್ತರದಲ್ಲಿರುತ್ತವೆ. ಸಂಜೆ ಮಂಡಿಯ ಹಿಂದೆ, ಕಂಕುಳು, ಕೂದಲ ಅಂಚು ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪು ವೃತ್ತ ಹರಡಿದರೆ ಲೈಮ್ ಕಾಯಿಲೆ ಇರಬಹುದು, ವೈದ್ಯರಿಗೆ ತೋರಿಸಿ. ಅಷ್ಟರಲ್ಲಿ ಅವರು ಊರಿಗೆ ಮರಳಿದ್ದರೆ ಅಲ್ಲಿನ ವೈದ್ಯರಿಗೆ ಈ ನಡಿಗೆಯ ವಿಷಯ ಹೇಳಲೇಬೇಕು, ಅವರಿಗೆ ಇದು ತಟ್ಟನೆ ಹೊಳೆಯುವ ಕಾಯಿಲೆಯಲ್ಲ.

ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 300 ಮೀಟರ್ ಮೇಲೆ ಹೋದರೆ ಎರಡು ಡಿಗ್ರಿ ಕಡಿಮೆ, ಮೂರ್ ಅಂಚಿನ ಗಾಳಿ ಬೇರೆ. ತಳ್ಳುವವರಿಗೆ ಬೆವರು, ಕೂತವರಿಗೆ ನಡುಕ. ಅಪ್ಪನ ಕಾಲಿಗೆ ಒಂದು ಕಂಬಳಿ, ಮೇಲೊಂದು ಮಳೆಹೊದಿಕೆ ಇರಲಿ, ಅರ್ಧ ಗಂಟೆಗೊಮ್ಮೆ ಬೆರಳು ಮುಟ್ಟಿ ನೋಡಿ.

ಹಿಂದಿನ ದಿನ ಜೋರು ಮಳೆ ಬಂದಿದ್ದರೆ ಸರ್ಕಾರದ ಪ್ರವಾಹ ಮಾಹಿತಿ ಪುಟದಲ್ಲಿ ಆ ನದಿಯ ಮಟ್ಟ ನೋಡಿ. ನೀರು ಇಳಿದ ಮೇಲೂ ದಾರಿಯ ಮೇಲೆ ಹೂಳು ಉಳಿದಿರುತ್ತದೆ, ಅದರಲ್ಲಿ ಚಿಕ್ಕ ಚಕ್ರ ಒಂದಿಂಚೂ ಮುಂದೆ ಹೋಗದು. ಅಂಥ ದಿನ ಫೇರ್‌ಹೋಮ್ಸ್‌ನ ಟಾರು ರಸ್ತೆಯೇ ಗತಿ.

ಈ ಕಣಿವೆಗಳಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಇಂದೇ ನಿಮ್ಮ ಫೋನಿನಿಂದ ಇಲ್ಲಿನ ತುರ್ತು ಸಂಖ್ಯೆ 999ಕ್ಕೆ 'ರಿಜಿಸ್ಟರ್' ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಮೆಸೇಜ್ ಮಾಡಿ, ಬರುವ ಉತ್ತರಕ್ಕೆ ಒಪ್ಪಿಗೆ ಕೊಡಿ. ಮಾತಿಗೆ ಸಿಗ್ನಲ್ ಸಾಲದ ಕಡೆಯೂ ಆಮೇಲೆ ಮೆಸೇಜ್‌ನಲ್ಲೇ ಸಹಾಯ ಕೇಳಬಹುದು. ಕರೆ ಹೋದರೆ ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ, ನಕ್ಷೆಯ ಗ್ರಿಡ್ ಸಂಖ್ಯೆ ಓದಿ ಹೇಳಿ.

ಕುರ್ಚಿಯ ಹೊರ ಅಗಲ, ಹಿಂದಿನ ಚಕ್ರದ ಅಳತೆ, ತಳ್ಳಲು ಎಷ್ಟು ಜನ ಇರುತ್ತೀರಿ ಎಂಬುದನ್ನು ಇಲ್ಲೇ ಬರೆಯಿರಿ, ಯಾವ ಗೇಟು ದಾಟಬಹುದೆಂದು ನೋಡಿ ಹೇಳಬಹುದು.